ಅರ್ಮೀದಾಳ ಕೊಸರು

ತೂಕದ ಯಂತ್ರದ ಮೇಲಿಟ್ಟ ಮೊದಲನೆಯ ಪೆಟ್ಟಿಗೆಯೇ ಇನ್ನೂರು ಗ್ರಾಂ ಹೆಚ್ಚು ತೂಗಿತು. ತಪಾಸಣೆಗೆಂದು ಅಂಗಡಿಗೇ ಬಂದಿದ್ದ ಕಸ್ಟಮ್ಸ್ ಅಧಿಕಾರಿ ತದ್ದೇಯಿ ಕನ್ನಡಕವನ್ನು ಹಣೆಗೇರಿಸಿ ಕಾಗದ ನೋಡಿದ, ಮತ್ತೆ ಯಂತ್ರದ ಅಂಕಿ ನೋಡಿದ. ಎರಡನೆಯದೂ ಅಷ್ಟೇ ಹೆಚ್ಚು, ಮೂರನೆಯದೂ ಅಷ್ಟೇ. ಬಾದಾಮಿ ಬಿಸ್ಕತ್ತಿನ ನಲವತ್ತು ಪೆಟ್ಟಿಗೆಗಳು ಅಂಗಡಿಯ ಬಾಗಿಲಲ್ಲೇ ಕಾದಿದ್ದವು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಅಂಗಡಿ ನೋಡಿಕೊಳ್ಳುವ ನೀವೆಸ್ ಗಾಬರಿಯಿಂದ ಗಡಿಯಾರ ನೋಡಿದಳು.

ಗಾಬರಿಯಾಗದೆ ಏನು? ಒಸಾಕದ ಅಂಗಡಿಯವರ ಈ ಮೊದಲ ಆರ್ಡರಿಗಾಗಿ ಅವಳು ಮೂರು ತಿಂಗಳು ಕಾಗದಗಳ ಜೊತೆ ಹೆಣಗಿದ್ದಳು. ಬಾದಾಮಿ ಯಾವ ತೋಟದ್ದು, ಮೊಟ್ಟೆ ಎಷ್ಟು ಹೊತ್ತು ಬೆಂದಿದೆ, ಜಪಾನೀ ಲೇಬಲ್ಲಿನಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು, ಎಲ್ಲಕ್ಕೂ ಒಂದೊಂದು ಕಾಗದ. ಇವತ್ತಿನ ಲಾರಿ ತಪ್ಪಿದರೆ ಜಿನೋವಾ ಬಂದರಿನಲ್ಲಿ ಹಡಗು ತಪ್ಪುತ್ತದೆ. ಹಡಗು ತಪ್ಪಿದರೆ ಆರ್ಡರ್ ರದ್ದು ಎಂದು ಒಸಾಕದವರು ತುಂಬ ನಯವಾಗಿ ತಿಳಿಸಿದ್ದರು.

"ಒಳಗೆ ಏನಮ್ಮಾ ಬಚ್ಚಿಟ್ಟಿದೀರಿ?" ಎಂದು ತದ್ದೇಯಿ ಟೇಪು ಸೀಳಿ ಎಣಿಸಿದ. ಕಾಗದದಲ್ಲಿ ಇಪ್ಪತ್ನಾಲ್ಕು ಪೊಟ್ಟಣ. ಪೆಟ್ಟಿಗೆಯಲ್ಲಿ ಇಪ್ಪತ್ತೈದು.

ನೀವೆಸ್ ತಿರುಗಿ ತಾಯಿಯನ್ನು ನೋಡಿದಳು. ನಿನ್ನೆ ಪೆಟ್ಟಿಗೆಗಳನ್ನು ತುಂಬಿದವಳು ಎಪ್ಪತ್ತಾರರ ಅರ್ಮೀದಾಳೇ.

"ನನ್ನೇನೇ ಹಾಗೆ ನೋಡ್ತೀಯಾ? ಒಂದೊಂದು ಕೊಸರು ಹಾಕಿದೀನಿ ಅಷ್ಟೆ. ನಮ್ಮಪ್ಪನ ಕಾಲದಿಂದ ಈ ಅಂಗಡೀಲಿ ಯಾರಾದ್ರೂ ಬರೀ ಸರಿತೂಕ ತಗೊಂಡು ಹೋಗಿದ್ದುಂಟಾ?"

"ಅಮ್ಮಾ, ಇದು ಜಪಾನಿಗೆ ಹೋಗೋದು!"

"ಅದಕ್ಕೇ ಮತ್ತೆ! ಪಕ್ಕದ ಬೀದಿಯೋರು ಬೈದ್ರೆ ಎದುರಿಗೇ ಬೈತಾರೆ, ನಾನೂ ತಿರುಗಿಸಿ ಕೊಡ್ತೀನಿ. ಅಷ್ಟು ದೂರದೋರು ಬೆನ್ನ ಹಿಂದೆ ಜಿಪುಣಿ ಅಂದ್ರೆ ನಂಗೆ ಗೊತ್ತಾದ್ರೂ ಆಗುತ್ತಾ?"

ತದ್ದೇಯಿಗೆ ನಗು ತಡೆಯುವುದೇ ಕಷ್ಟವಾಯಿತು. "ತಾಯೀ, ಮೂವತ್ತು ವರ್ಷದಿಂದ ಹೊರದೇಶಕ್ಕೆ ಹೋಗೋ ಮಾಲು ನೋಡ್ತಿದೀನಿ. ಕಾಗದಕ್ಕಿಂತ ಕಮ್ಮಿ ತುಂಬಿದೋರು ಬೇಕಾದಷ್ಟು ಜನ. ಬಿಟ್ಟಿಯಾಗಿ ಜಾಸ್ತಿ ತುಂಬಿದೋರು ನೀವೇ ಮೊದಲು. ಆದ್ರೂ ಕಾಗದದಲ್ಲಿಲ್ಲದ್ದು ಗಡಿ ದಾಟೋ ಹಾಗಿಲ್ಲ. ಹೇಳಿ, ಈ ಕೊಸರಿಗೆ ಬೆಲೆ ಎಷ್ಟು ಅಂತ ಬರೀಲಿ?"

"ಕೊಸರಿಗೆ ಬೆಲೆನಾ? ಪುಕ್ಕಟೆ!"

"ಪುಕ್ಕಟೆ ಕೊಟ್ರೂ ಒಂದು ಬೆಲೆ ಬರೀಲೇಬೇಕು. ಸೊನ್ನೆ ಹಾಕಿದ್ರೆ ಕಂಪ್ಯೂಟರು ಒಪ್ಪಲ್ಲ."

"ಬೆಲೆ ಬರೆದ್ರೆ ನಾನೂ ಒಪ್ಪಲ್ಲ ಸಾಹೇಬ್ರೇ. ಅದು ಕೊಸರು ಹೆಂಗಾಗುತ್ತೆ? ವ್ಯಾಪಾರ ಆಗುತ್ತೆ."

ಹಠಕ್ಕೆ ಬಿದ್ದರೆ ಅರ್ಮೀದಾ ಊರ ಪಾದ್ರಿಯ ಮಾತಿಗೂ ಬಗ್ಗುವವಳಲ್ಲ. ನಲವತ್ತು ಪೆಟ್ಟಿಗೆಗಳನ್ನೂ ಬಿಚ್ಚಿ ಕೊಸರು ಹೊರತೆಗೆಯೋಣವೆಂದರೆ ಅಷ್ಟು ಹೊತ್ತು ಲಾರಿ ನಿಲ್ಲುವುದಿಲ್ಲ. ಅತ್ತ ದರಿ ಇತ್ತ ಪುಲಿ. ಕಂಪ್ಯೂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದ ನೀವೆಸ್ ಥಟ್ಟನೆ ಎದ್ದಳು.

"ಪೆಟ್ಟಿಗೆಗೆ ಇಪ್ಪತ್ತೈದು ಪೊಟ್ಟಣ ಅಂತಲೇ ತಿದ್ದಿಬಿಡ್ತೀನಿ ಸಾರ್. ಪೆಟ್ಟಿಗೆಯ ಬೆಲೆ ಮೊದಲಿನದ್ದೇ ಇರಲಿ. ಕೊಸರು ಅನ್ನೋ ಮಾತೇ ಬೇಡ. ಆಗಬಹುದಾ?"

ತದ್ದೇಯಿ ಗಲ್ಲ ಕೆರೆದುಕೊಂಡ. "ನಾನಿನ್ನೂ ಮೊಹರು ಒತ್ತಿಲ್ಲವಲ್ಲ. ತಿದ್ದಿ, ಬೇಗ."

ಕಾಲು ಗಂಟೆಯಲ್ಲಿ ಹೊಸ ಕಾಗದ ಸಿದ್ಧವಾಯಿತು. ಎಣಿಕೆ ಹೊಂದಿತು, ತೂಕವೂ ಹೊಂದಿತು. ಮೊಹರು ಬಿದ್ದ ಸದ್ದಿಗೆ ನೀವೆಸ್ ಕುಣಿಯುವಷ್ಟು ಖುಷಿಯಿಂದ ತಾಯಿಯನ್ನು ಬಾಚಿ ತಬ್ಬಿಕೊಂಡಳು. ತದ್ದೇಯಿಗೆ ಕಾಫಿ ಬಂತು, ಜೊತೆಗೆ ತಟ್ಟೆ ತುಂಬ ಬಿಸ್ಕತ್ತು. ಲಾರಿಯವನು ಹಿಂಬಾಗಿಲು ತೆರೆದ.

ಅರ್ಮೀದಾ ಹೊಸ ಕಾಗದವನ್ನು ಕೈಯುದ್ದ ದೂರ ಹಿಡಿದು ಸಾವಕಾಶವಾಗಿ ಓದಿದಳು. "ಹಾಗಾದ್ರೆ ಸಾಹೇಬ್ರೇ, ಈ ಇಪ್ಪತ್ತೈದೂ ಈಗ ಕೊಟ್ಟ ದುಡ್ಡಿಗೇ ಸೇರಿದ್ದು ಅಂತಾಯ್ತಾ?"

"ಎಲ್ಲಾ ಸೇರಿತು ತಾಯೀ. ಇನ್ನು ನಿಶ್ಚಿಂತೆಯಾಗಿರಿ."

"ಅಂದ್ರೆ ನಾನಿನ್ನೂ ಕೊಸರೇ ಹಾಕಿಲ್ಲ," ಎಂದು ಅರ್ಮೀದಾ ಕಪಾಟಿಗೆ ಕೈ ಚಾಚಿದಳು. "ನೀವೆಸ್, ಬಾರೇ ಇಲ್ಲಿ, ಟೇಪು ಬಿಚ್ಚು."