ಘಳಿಗಿ ಮುರಿಯದ ಪುಸ್ತಕಗಳು

ಓದದ ಪುಸ್ತಕಗಳ ನನ್ನ ರಾಶಿಗೆ ಇನ್ನೊಂದನ್ನು ಸೇರಿಸುವಾಗಲೆಲ್ಲ ಎಲ್ಲಿಂದಲೋ ನುಸಿಗುಳಿಗೆಯ ವಾಸನೆ ಬಂದು, ಇಳಕಲ್ಲಿನ ಆ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ.

ರದ್ದಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ಕೂತಿದ್ದ. ಅಪ್ಪ ತಂದು ತಂದು ಓದದೇ ಇಟ್ಟ ಪುಸ್ತಕಗಳು ಮಗ್ಗದ ಕೋಣೆಯವರೆಗೂ ಬೆಳೆದಿದ್ದವು. ಅವ್ವ ಅವನ್ನೆಲ್ಲ ಕಟ್ಟೆಗೆ ತಂದು ಒಟ್ಟಿದ್ದಳು.

"ಓದೂದಿಲ್ಲಂದ್ರ ಯಾಕ ತರ್ತೀರಿ?" ಅಂದಳು. ಅಪ್ಪ ಮೇಲಿನ ಪುಸ್ತಕದ ಧೂಳು ಒರೆಸಿದ.

ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿ ಎದ್ದುಹೋಗಿ ಅವ್ವನ ಟ್ರಂಕು ತೆರೆದಳು. ನುಸಿಗುಳಿಗೆಗಳ ನಡುವೆ ಉಡದ ಸೀರೆಗಳು ಒತ್ತೊತ್ತಾಗಿ ಮಲಗಿದ್ದವು.

"ಇವ್ನೂ ತಕ್ಕಡಿಗಿ ಹಾಕೂಣೇನವಾ? ಒಂದರದೂ ಘಳಿಗಿ ಮುರಿದಿಲ್ಲ."

ಅವ್ವನಿಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಹೊಸ ಸೀರೆಯನ್ನು ಮೊದಲು ಪ್ರೀತಿಯವರಿಗೆ ಉಡಿಸಿ, ಅವರಿಂದಲೇ ಮಡಿಕೆ ಬಿಚ್ಚಿಸುತ್ತಾರೆ; ಅದೇ ಘಳಿಗಿ ಮುರಿಯುವುದು. ಅಪ್ಪ ಅಜ್ಜಿಯ ಆ ಮಾತನ್ನೇ ಹಿಡಿದುಕೊಂಡು ಮೇಲಿನ ಪುಸ್ತಕವನ್ನು ಅವ್ವನ ಕೈಗಿಟ್ಟ.

"ಇದರ ಘಳಿಗಿ ನೀನ ಮುರಿ."

ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಕೂತು ಮೊದಲ ಹಾಳೆ ತಿರುವಿದಳು. ರದ್ದಿಯವನು ಚಹಾ ಕುಡಿದು ಎದ್ದುಹೋದ. ಅವಳು ತಲೆ ಎತ್ತಲಿಲ್ಲ.

ಆ ಸಂಜೆ ರೊಟ್ಟಿ ಬಡಿದದ್ದು ಅಪ್ಪ. ಒಂದೂ ದುಂಡಗಿರಲಿಲ್ಲ. ಅವ್ವ ಅದನ್ನು ನೋಡಲೂ ಇಲ್ಲ. ಪುಸ್ತಕ ಹಿಡಿದೇ ಉಂಡಳು.