ಬೆನ್ನ ಹಿಂದಿನ ಕೈಗಳು

"ಇವತ್ತು ಯಾವ ಕೈ ಪಪ್ಪಾ? ತಾಳು, ನಾನೇ ಹೇಳ್ತೀನಿ!" ರೆಗುಲಾ ಬಾಗಿಲಲ್ಲೇ ಅಡ್ಡ ನಿಂತಳು. ಶುಕ್ರವಾರ ಬಂತೆಂದರೆ ಒಸ್ವಾಲ್ಡ್ ಬಾಸೆಲ್‌ನ ಪ್ರಯೋಗಾಲಯದಿಂದ ಬರುವಾಗ ಜೇನಿನ ಬಿಸ್ಕತ್ತು ತಂದು, ಮುಷ್ಟಿಯಲ್ಲಿ ಬಚ್ಚಿಟ್ಟು ಮಗಳನ್ನು ಆಟವಾಡಿಸುತ್ತಿದ್ದ. ಇಂದು ಅವನ ಕಣ್ಣಿಗೆ ಅವಳ ಕೆಂಪು ರಿಬ್ಬನ್ನು ಬೆಂಕಿಯಂತೆ ಹೊಳೆದು, ಗೋಡೆಯ ತುಂಬ ಹರಡುತ್ತಿತ್ತು.

"ಮುಖ ಯಾಕೆ ಹಂಗಿದೆ? ಲ್ಯಾಬಲ್ಲಿ ಮತ್ತೇನು ಕುಡ್ಕೊಂಡು ಬಂದ್ರಿ?" ಒಲೆಯ ಬಳಿಯಿಂದ ಹೆಂಡತಿ ವೆರೆನಾ ಕೇಳಿದಳು.

"ಏನೂ ಕುಡಿದಿಲ್ಲ ಕಣೆ. ಏನೂ ತಿಂದೂ ಇಲ್ಲ." ಹೇಳುತ್ತಲೇ ಅವನಿಗೆ ಹೊಳೆಯಿತು. ರೈ ಧಾನ್ಯದ ತೆನೆಗೆ ಹಿಡಿಯುವ ಬೂಷ್ಟಿನಿಂದ ತಯಾರಿಸಿದ ಹೊಸ ರಾಸಾಯನಿಕ ಉಪ್ಪನ್ನು ಮಧ್ಯಾಹ್ನ ಸೋಸುಕಾಗದದಿಂದ ಬರಿಬೆರಳಲ್ಲೇ ಕೆರೆದು ತೆಗೆದಿದ್ದ. ಬರಿಗೈಯಲ್ಲಿ ಕೆಲಸ ಮಾಡುವುದೆಂದರೆ ಅವನಿಗೊಂದು ಹೆಮ್ಮೆ. ಬೆರಳಿಗಂಟಿದ ಕಾಣದ ಕಣವೇ ತನ್ನನ್ನು ಹೀಗೆ ಮಾಡಿದ್ದರೆ, ಈ ಪುಟ್ಟ ಮೈಯ ಗತಿ? ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

ರೆಗುಲಾ ಚಪ್ಪಾಳೆ ತಟ್ಟಿದಳು. "ಬಲಗೈ! ಕೊಡು ಪಪ್ಪಾ, ಮೋಸ ಮಾಡ್ಬೇಡ!" ಬಿಸ್ಕತ್ತು ಜೇಬಿನಲ್ಲೇ ಇತ್ತು. ಅದನ್ನೂ ಅವನು ಅದೇ ಬೆರಳಿಂದ ಮುಟ್ಟಿದ್ದ. ಅವಳು ಕೈಗೆ ಜೋತುಬೀಳಲು ಬಂದಂತೆಲ್ಲ ಹಿಂದೆ ಸರಿಯುತ್ತ ಗೋಡೆಗೆ ಒರಗಿದ.

"ಎರಡರಲ್ಲೂ ಏನೂ ಇಲ್ಲ ಪುಟ್ಟೀ," ಎಂದ, ಕಣ ಅಂಟಿದ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿ. ಮಗಳಿಗೆ ಅವನು ಹೇಳಿದ ಮೊದಲ ಸುಳ್ಳು ಅದು.