ನಾಲ್ಕನೇ ಬೆಂಚಿನ ಗೀರು

ಬಡಗಿ ಮೂರನೇ ಬೆಂಚಿನ ಮೇಲೆ ಉಜ್ಜುಗೊರಡು ಇಡುವುದಕ್ಕೂ ಹಾಲಿನವನು ಓಡಿಬಂದು ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು.

“ಸ್ವಲ್ಪ ತಡೀರಿ. ಈ ದೋಣಿ ಚಿತ್ರ ನಾನೇ ಕೆತ್ತಿದ್ದು, ಒಂಬತ್ತು ವರ್ಷದವನಿದ್ದಾಗ. ಇದೊಂದನ್ನ ಬಿಟ್ಟುಬಿಡಿ.”

“ಡಬ್ಬಿಗೆ ದಂಡ ಹಾಕು. ಎಲ್ಲರಿಗೂ ಕೇಳೋ ಹಾಗೆ ಇನ್ನೊಂದ್ಸಲ ಒಪ್ಕೋ,” ಎಂದರು ಟೀಚರಮ್ಮ. ಮೀಸೆ ನರೆತ ಹಾಲಿನವನು ಕೈಕಟ್ಟಿ ನಿಂತು ಒಪ್ಪಿಕೊಂಡ. ಚರ್ಚಿನ ತುಂಬ ನಗು.

ಇದೆಲ್ಲ ಟೀಚರಮ್ಮನದೇ ಏರ್ಪಾಡು. ಊರವರೆಲ್ಲ ಕೈಲಾದಷ್ಟು ಕೊಟ್ಟು ಹಳೇ ಚರ್ಚಿಗೆ ಹೊಸ ಹೆಂಚಿನ ಮಾಡು ಬಂದಿತ್ತು, ಬಿರುಕುಬಿಟ್ಟ ಗೋಪುರವೂ ಗಟ್ಟಿಯಾಗಿತ್ತು. ಆದರೆ ಗಂಟೆಯನ್ನು ಮೇಲೇರಿಸುವ ಹೊತ್ತಿಗೆ ನಿಧಿ ಬರಿದಾಗಿ, ಅದು ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಕೂತುಬಿಟ್ಟಿತ್ತು. ಬೆಂಚುಗಳ ಮೇಲಿನ ಗೀರುಗಳನ್ನೆಲ್ಲ ಉಜ್ಜಿಸುವುದೆಂದು ತೀರ್ಮಾನವಾದಾಗ, ನಮ್ಮದೊಂದು ಉಳಿಸಿ ಎಂದು ಜನ ಗೋಗರೆದರು. ಶಾಲೆಯಲ್ಲಿ ಬೆಂಚು ಕೆತ್ತಿದವರ ಬೆರಳಗಂಟಿಗೆ ಮೂವತ್ತು ವರ್ಷ ಸ್ಕೇಲಿನಲ್ಲಿ ಹೊಡೆದ ಕೈ ಅದು, ಬಿಟ್ಟೀತೇ? ಗೀರು ಉಳಿಯಬೇಕಾದರೆ ಕೆತ್ತಿದವರೇ ಬಂದು ಎಲ್ಲರೆದುರು ಒಪ್ಪಬೇಕು, ಗಂಟೆಯ ಖರ್ಚಿಗೆ ದಂಡ ಕಟ್ಟಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ.

ಬಡಗಿ ನಾಲ್ಕನೇ ಬೆಂಚಿಗೆ ಬಂದ. ಟೀಚರಮ್ಮ ಆಗಲೇ ಅದರ ತುದಿಯಲ್ಲಿ ಕೂತಿದ್ದರು, ಬಲಗೈ ಹಲಗೆಯ ಮೇಲೆ. ನಲವತ್ತು ವರ್ಷದಿಂದ ಪ್ರತಿ ಭಾನುವಾರ ಅವರದು ಅದೇ ಜಾಗ, ಕೈಯೂ ಅಲ್ಲೇ. ಭಕ್ತಿಯೆಂದರೆ ಇದಪ್ಪಾ ಎಂದು ಜನ ಮಕ್ಕಳಿಗೆ ತೋರಿಸುತ್ತಿದ್ದರು.

“ಕೈ ತೆಗೀರಿ ಟೀಚರಮ್ಮ, ಉಜ್ಜಬೇಕು.”

ಅವರು ತೆಗೆಯಲಿಲ್ಲ. ಅಂಗೈ ಕೆಳಗೆ, ತಾವು ಕೂರುವ ಜಾಗದಲ್ಲೇ, ಯಾರೋ ಕೆತ್ತಿದ್ದ ಸಾಲನ್ನು ಅವರು ಮೊದಲು ಕಂಡಾಗ ವಯಸ್ಸು ಇಪ್ಪತ್ತು. ಮಾರನೇ ತಿಂಗಳೇ ಪೋಸ್ಟ್‌ಮ್ಯಾನ್ ಮನೆಯಿಂದ ಸಂಬಂಧ ಕೇಳಿ ಬಂದಿದ್ದರು, ಮದುವೆಯೂ ಆಯಿತು. ಇದನ್ನು ಬರೆದದ್ದು ನೀವೇನಾ ಎಂದು ಅವರು ಗಂಡನನ್ನು ಒಮ್ಮೆಯೂ ಕೇಳಲಿಲ್ಲ. ಅಲ್ಲ ಅಂದುಬಿಟ್ಟರೆ ಎಂಬ ಭಯ. ಊರಿನ ಕಾಗದಗಳನ್ನೆಲ್ಲ ಹಂಚಿದ ಆ ಮನುಷ್ಯ ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿಬಿಟ್ಟು ಕೇಳಿದವರಲ್ಲ.

“ಯಾರದಾದ್ರೂ ಇದ್ರೆ ಹೇಳಿ,” ಬಡಗಿ ಸುತ್ತ ನೋಡಿದ. “ಇಲ್ಲ ಅಂದ್ರೆ ಉಜ್ತೀನಿ. ನಿಯಮ ನಿಮ್ದೇ ಅಲ್ವಾ?”

ತಾನೇ ಮಾಡಿದ ನಿಯಮ, ಯಾರ ಮೇಲೆ ಸಿಟ್ಟಾಗುವುದು? ಟೀಚರಮ್ಮ ಕೈಯನ್ನು ಮೆಲ್ಲಗೆ ಹಿಂದೆಗೆದರು. ಬಡಗಿ ಬಗ್ಗಿದ.

“ಅದು ನಂದು.”

ಹಿಂದಿನ ಸಾಲಿನಲ್ಲಿ ಪೋಸ್ಟ್‌ಮ್ಯಾನ್ ಎದ್ದು ನಿಂತಿದ್ದರು. ಕಿವಿಯೆಲ್ಲ ಕೆಂಪು.

“ಏನು ಕೆತ್ತಿದ್ರಿ ಯಜಮಾನ್ರೇ? ಜೋರಾಗಿ ಹೇಳ್ಬೇಕು,” ಹಾಲಿನವನು ಬಿಡುವ ಆಸಾಮಿಯಲ್ಲ.

ಪೋಸ್ಟ್‌ಮ್ಯಾನ್ ಬೆಂಚಿನತ್ತ ನೋಡಲೂ ಇಲ್ಲ. “‘ಮದುವೆ ಅಂತ ಆದರೆ ಇಲ್ಲಿ ಕೂರುವವಳನ್ನೇ.’ ಒಂದು ವಾರ ಹಿಡೀತು. ಚಾಕು ಮೊಂಡಾಗಿತ್ತು.”

ಚರ್ಚಿನಲ್ಲಿ ಎದ್ದ ಗದ್ದಲಕ್ಕೆ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಟೀಚರಮ್ಮ ಕಣ್ಣೊರೆಸಿಕೊಂಡರು, ನಕ್ಕರು, ಮತ್ತೆ ಒರೆಸಿಕೊಂಡರು. ಇಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

“ಇಷ್ಟು ವರ್ಷ ಬಾಯಿ ಬಿಡೋದಕ್ಕೆ ಏನಾಗಿತ್ರೀ ನಿಮಗೆ?”

“ನಿನ್ನ ಕೈಲಿ ಸ್ಕೇಲ್ ಇರ್ತಿತ್ತಲ್ಲ.”

ಟೀಚರಮ್ಮ ಡಬ್ಬಿಯನ್ನು ಅವರ ಮುಂದೆ ಹಿಡಿದರು. “ನಿಮಗೆ ಡಬಲ್ ದಂಡ.”

ಮುಂದಿನ ತಿಂಗಳು ಗಂಟೆ ಮೇಲೇರಿತು. ಅದರ ಸದ್ದು ಕೇಳಿ ಊರೆಲ್ಲ ಬಂದು ಕೂತ ಆ ಭಾನುವಾರ, ನಾಲ್ಕನೇ ಬೆಂಚಿನ ತುದಿಯಲ್ಲಿ ಟೀಚರಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ದಾಟಿ ಹೋಗುವವರೆಲ್ಲ ಬಗ್ಗಿ ಓದಿಕೊಂಡು ಹೋಗುತ್ತಿದ್ದರು.